ಫೋನ್ ತುಂಬಾ ಸುಳ್ಳು ಜಾಹೀರಾತು: ಸೆಟ್ಟಿಂಗ್ ಸಾಕಾ, ಆ್ಯಂಟಿವೈರಸ್ ಬೇಕಾ, ಫಾರ್ಮ್ಯಾಟ್ ಮಾಡಿಸಬೇಕಾ?

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬರುವ ವಾರ. ಸರ್ಕಾರಿ ಹುದ್ದೆಗೆ ಅರ್ಜಿ ಕರೆದ ದಿನ. ಗಂಜ್‌ನಲ್ಲಿ ತೊಗರಿ ದರ ಏರಿಳಿಯುವ ಹೊತ್ತು. ಕಲಬುರಗಿಯಲ್ಲಿ ಈ ಕಾಟ ಜಾಸ್ತಿ ಆಗುವುದು ಇಂಥ ಸಮಯದಲ್ಲೇ. ಎಲ್ಲರಿಗೂ ಅವಸರ. ಹುಡುಕಿದಾಗ ಮೊದಲು ಸಿಕ್ಕ ಸೈಟ್ ತೆರೆಯುತ್ತಾರೆ. ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೌ ಒತ್ತಿ’ ಎಂದು ಬರುತ್ತದೆ, ಒತ್ತಿಬಿಡುತ್ತಾರೆ. ಮರುದಿನದಿಂದ ಫೋನ್ ಸುಮ್ಮನೆ ಕೂರುವುದೇ ಇಲ್ಲ. ಲಾಟರಿ, ಸಾಲ, ಬೆಟ್ಟಿಂಗ್, ಅಸಹ್ಯ ಚಿತ್ರ, ‘ವೈರಸ್ ಬಂದಿದೆ’ ಎಂಬ ಬೆದರಿಕೆ.

ಆಮೇಲೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. “ಫೋನ್ ಹ್ಯಾಕ್ ಆಗ್ಯಾದೇನ್ರಿ? ಆ್ಯಂಟಿವೈರಸ್ ತಗೊಳ್ಳೋದಾ, ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸೋದಾ?” ಬಹಳಷ್ಟು ಸಲ ಎರಡೂ ಬೇಡ. ಕೆಲವು ಸಲ ಮಾತ್ರ ಬೇಕೇ ಬೇಕು. ನಿಮ್ಮದು ಯಾವ ಪರಿಸ್ಥಿತಿ ಎಂದು ನೀವೇ ಗುರುತಿಸಿ ನಿರ್ಧಾರ ಮಾಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆಯ್ಕೆ ಮಾಡುವ ಮೊದಲು

ಮೊದಲು ನೋಡಬೇಕಾದ್ದು ಕಾಟ ಎಲ್ಲಿಂದ ಬರುತ್ತಿದೆ ಅನ್ನುವುದು. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಫೋನಿನ ಪರದೆಯನ್ನು ಮೇಲಿಂದ ಕೆಳಗೆ ಎಳೆಯಿರಿ. ‘ನಿಮ್ಮ ಫೋನಿನಲ್ಲಿ 5 ವೈರಸ್ ಸಿಕ್ಕಿವೆ, ಈಗಲೇ ತೆಗೆಯಿರಿ’ ಎಂಬ ನೋಟಿಫಿಕೇಶನ್ ಇದೆ ಅಂದುಕೊಳ್ಳಿ. ದಪ್ಪ ಅಕ್ಷರವನ್ನು ಬಿಡಿ, ಅದರ ಮೇಲಿನ ಸಣ್ಣ ಅಕ್ಷರ ಓದಿ. ಅಲ್ಲಿ ‘ಕ್ರೋಮ್’ ಎಂದಿದ್ದು, ಪಕ್ಕದಲ್ಲಿ ತಲೆಬುಡವಿಲ್ಲದ ಒಂದು ವೆಬ್ ವಿಳಾಸ ಇದೆಯಾ? ಹಾಗಿದ್ದರೆ ಅದು ಒಂದು ಸೈಟ್ ಕಳಿಸುತ್ತಿರುವ ನೋಟಿಫಿಕೇಶನ್, ಅಷ್ಟೇ. ನೀವೇ ಹಿಂದೊಮ್ಮೆ ‘ಅಲೌ’ ಒತ್ತಿ ಅನುಮತಿ ಕೊಟ್ಟಿದ್ದೀರಿ. ಒಂದು ವೆಬ್‌ಸೈಟಿಗೆ ನಿಮ್ಮ ಫೋನಿನೊಳಗೆ ಹೊಕ್ಕು ವೈರಸ್ ಎಣಿಸುವ ಶಕ್ತಿಯೇ ಇಲ್ಲ. ಹೆದರಿಸಿ ಆ್ಯಪ್ ಹಾಕಿಸುವುದು ಅಥವಾ ದುಡ್ಡು ಕಟ್ಟಿಸುವುದು ಅದರ ಉದ್ದೇಶ.

ಎರಡನೆಯದು ಬೇರೆ ತರಹ. ವಾಟ್ಸ್‌ಆ್ಯಪ್ ನೋಡುತ್ತಿದ್ದೀರಿ, ಏಕಾಏಕಿ ಪೂರ್ತಿ ಪರದೆಗೆ ಜಾಹೀರಾತು. ಕ್ರೋಮ್‌ನಂಥ ಬ್ರೌಸರ್ ತೆರೆದೇ ಇಲ್ಲ. ಇದು ಒಳಗೆ ಕೂತಿರುವ ಯಾವುದೋ ಆ್ಯಪ್ ಮಾಡುವ ಕೆಲಸ. ಜಾಹೀರಾತು ಪರದೆ ಮೇಲಿರುವಾಗಲೇ ಇತ್ತೀಚಿನ ಆ್ಯಪ್‌ಗಳನ್ನು ತೋರಿಸುವ ಬಟನ್ ಒತ್ತಿ. ಆ ಜಾಹೀರಾತಿನ ಕಾರ್ಡ್ ಮೇಲೆ ಬಹಳ ಸಲ ಅದನ್ನು ತೋರಿಸಿದ ಆ್ಯಪ್‌ನ ಹೆಸರು ಅಥವಾ ಐಕಾನ್ ಇರುತ್ತದೆ. ಟಾರ್ಚ್, ಫೋಟೋ ಎಡಿಟರ್, ಕ್ಲೀನರ್, ಕ್ಯೂಆರ್ ಸ್ಕ್ಯಾನರ್ ಎಂಬ ಹೆಸರಿನಲ್ಲಿ ಇಂಥವು ಜಾಸ್ತಿ ಬರುತ್ತವೆ.

ಮೂರನೆಯದು ಫೋನ್ ಕಂಪನಿಯೇ ಹಾಕುವ ಜಾಹೀರಾತು. ಕೆಲವು ಅಗ್ಗದ ಫೋನ್‌ಗಳಲ್ಲಿ ಲಾಕ್ ಸ್ಕ್ರೀನ್, ಫೈಲ್ ಮ್ಯಾನೇಜರ್ ಒಳಗೂ ಇದು ಇರುತ್ತದೆ. ಕಿರಿಕಿರಿಯೇನೋ ಹೌದು, ಆದರೆ ವೈರಸ್ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ವಾಲ್‌ಪೇಪರ್ ಮತ್ತು ‘ರೆಕಮೆಂಡೇಶನ್ಸ್’ ಆಫ್ ಮಾಡಿದರೆ ಬಹುಪಾಲು ನಿಲ್ಲುತ್ತದೆ.

ಮೂಲ ತಿಳಿದ ಮೇಲೆ ಇನ್ನೂ ಮೂರು ವಿಷಯ ಯೋಚಿಸಿ. ಆ ಫೋನಿನಲ್ಲಿ ಬ್ಯಾಂಕ್, ಯುಪಿಐ ಆ್ಯಪ್ ಇವೆಯಾ? ಅದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ, ನೀವಾ ಅಥವಾ ಆಳಂದ, ಚಿಂಚೋಳಿ ಕಡೆಯ ಹಳ್ಳಿಯಲ್ಲಿರುವ ಅಪ್ಪನಾ? ಮತ್ತೆ, ಎಷ್ಟು ದುಡ್ಡು, ಎಷ್ಟು ಹೊತ್ತು, ಎಷ್ಟು ಫೋಟೋ ಕಳೆದುಕೊಳ್ಳಲು ತಯಾರಿದ್ದೀರಿ?

ಒಂದು ಪರಿಸ್ಥಿತಿಯಲ್ಲಿ ಮಾತ್ರ ಯೋಚನೆಗೆ ಸಮಯವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲ್) ಹಾಕಿಕೊಂಡಿದ್ದರೆ, ಅಂದರೆ ಆರ್‌ಟಿಒ ಚಲನ್, ಮದುವೆ ಕರೆಯೋಲೆ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ಬರುವಂಥದ್ದು, ಅದು ಬರೀ ಜಾಹೀರಾತಿನ ಆ್ಯಪ್ ಅಲ್ಲ. ಎಸ್ಸೆಮ್ಮೆಸ್ ಓದಿ ಒಟಿಪಿ ಕದಿಯುವ ಆ್ಯಪ್ ಆಗಿರುವ ಸಂಭವ ಜಾಸ್ತಿ. ತಕ್ಷಣ ಇಂಟರ್ನೆಟ್ ಆಫ್ ಮಾಡಿ, ಸಿಮ್ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಆ ನಂಬರ್ ಇರುವುದೇ ಇದಕ್ಕೆ. ಎಷ್ಟು ಬೇಗ ಹೇಳುತ್ತೀರೋ, ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಅಷ್ಟು ಜಾಸ್ತಿ. ಎಪಿಕೆ ಹಾಕಿಕೊಂಡವರು ಮುಂದಿನ ಆಯ್ಕೆಗಳನ್ನೆಲ್ಲ ಬಿಟ್ಟು ನೇರ ಫಾರ್ಮ್ಯಾಟ್ ಭಾಗಕ್ಕೆ ಹೋಗಬೇಕು.

ಆಯ್ಕೆ ಒಂದು: ಕೈಯಾರೆ ಸೆಟ್ಟಿಂಗ್ ಸರಿಮಾಡುವುದು

ಖರ್ಚಿಲ್ಲ, ಹತ್ತು ಹದಿನೈದು ನಿಮಿಷ ಸಾಕು, ಏನೂ ಅಳಿಯುವುದಿಲ್ಲ. ಮೊದಲ ತರಹದ ಕಾಟಕ್ಕೆ ಇದೇ ಪೂರ್ತಿ ಔಷಧಿ. ಇದಕ್ಕೆ ಆ್ಯಂಟಿವೈರಸ್ ಕೊಳ್ಳುವುದು ಸುಮ್ನೆ ದುಡ್ಡು ದಂಡ.

ಕ್ರೋಮ್ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಫೋನ್ ಕನ್ನಡದಲ್ಲಿದ್ದರೆ ‘ಅಧಿಸೂಚನೆಗಳು’ ಎಂದಿರುತ್ತದೆ. ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಅಲ್ಲಿ ಕಾಣುತ್ತದೆ. ಗುರುತಿಲ್ಲದ ಹೆಸರು ಒಂದೊಂದನ್ನೇ ಬ್ಲಾಕ್ ಮಾಡಿ. ಎಲ್ಲಕ್ಕಿಂತ ಮೇಲಿನ ಸ್ವಿಚ್ ಆಫ್ ಮಾಡಿದರೆ ಇನ್ನು ಮುಂದೆ ಯಾವ ಸೈಟೂ ನಿಮ್ಮನ್ನು ಕೇಳುವುದೇ ಇಲ್ಲ. ಮನೆಯಲ್ಲಿ ವಯಸ್ಸಾದವರ ಫೋನ್ ಇದ್ದರೆ ಆ ಸ್ವಿಚ್ ಆಫ್ ಮಾಡಿಯೇ ಕೊಡಿ. ವಾಟ್ಸ್‌ಆ್ಯಪ್, ಬ್ಯಾಂಕ್ ಸಂದೇಶಕ್ಕೆ ಇದರಿಂದ ಏನೂ ಆಗುವುದಿಲ್ಲ, ಅವು ಬೇರೆ ಆ್ಯಪ್‌ಗಳಿಂದ ಬರುತ್ತವೆ.

ಕಂಪ್ಯೂಟರಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ನಲ್ಲೂ ಇಂಥದೇ ಪಟ್ಟಿ ಇದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಎದ್ದೇಳುವ ಡಬ್ಬಿಗಳು ಬಹುಪಾಲು ಇದರಿಂದಲೇ ನಿಲ್ಲುತ್ತವೆ. ಐಫೋನ್‌ನವರಿಗೆ ಈ ತೊಂದರೆ ಕಡಿಮೆ. ಅಲ್ಲಿ ಸೈಟನ್ನು ಹೋಮ್ ಸ್ಕ್ರೀನ್‌ಗೆ ಸೇರಿಸದೆ ಅದು ನೋಟಿಫಿಕೇಶನ್ ಕಳಿಸಲಾರದು. ಅವರಿಗೆ ಕಾಟ ಬರುವುದು ಕ್ಯಾಲೆಂಡರ್‌ನಲ್ಲಿ. ಗುರುತಿಲ್ಲದ ಕ್ಯಾಲೆಂಡರ್ ಸೇರಿಕೊಂಡಿದ್ದರೆ ಅದನ್ನು ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಆಯಿತು.

ಎರಡನೇ ತರಹದ ಕಾಟಕ್ಕೂ ಕೈಕೆಲಸ ಸಾಲುತ್ತದೆ, ಸ್ವಲ್ಪ ತಾಳ್ಮೆ ಬೇಕು. ಇಂಥ ಆ್ಯಪ್‌ಗಳು ತಮ್ಮ ಐಕಾನ್ ಅಡಗಿಸಿಕೊಳ್ಳುತ್ತವೆ. ಅದಕ್ಕೆ ಹೋಮ್ ಸ್ಕ್ರೀನ್‌ನಲ್ಲಿ ಹುಡುಕಬೇಡಿ, ಸೆಟ್ಟಿಂಗ್ಸ್ ಒಳಗಿನ ಆ್ಯಪ್ಸ್ ಪಟ್ಟಿಯಲ್ಲಿ ಹುಡುಕಿ. ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಅನುಮತಿ ಯಾರ್ಯಾರಿಗಿದೆ ನೋಡಿ. ಟಾರ್ಚ್ ಆ್ಯಪ್‌ಗೆ ಬೇರೆ ಆ್ಯಪ್ ಮೇಲೆ ಬಂದು ಕೂರುವ ಕೆಲಸ ಏನಿದೆ? ತೆಗೆದುಹಾಕಿ. ‘ಅನ್‌ಇನ್‌ಸ್ಟಾಲ್’ ಬಟನ್ ಮಂಕಾಗಿದ್ದರೆ ಆ ಆ್ಯಪ್ ‘ಡಿವೈಸ್ ಅಡ್ಮಿನ್’ ಆಗಿ, ಅಂದರೆ ತನ್ನನ್ನು ತೆಗೆಯದಂತೆ ತಡೆಯುವ ಅಧಿಕಾರ ಪಡೆದು ಕೂತಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ಹೆಸರು ಹುಡುಕಿ, ಮೊದಲು ಅಲ್ಲಿಂದ ಇಳಿಸಿ, ಆಮೇಲೆ ತೆಗೆಯಿರಿ. ಜಾಹೀರಾತು ಬಿಡುವೇ ಕೊಡದಿದ್ದರೆ ಸೇಫ್ ಮೋಡ್‌ಗೆ ಹೋಗಿ. ಅನೇಕ ಫೋನ್‌ಗಳಲ್ಲಿ ಪವರ್ ಆಫ್ ಎಂಬ ಆಯ್ಕೆಯನ್ನು ಒತ್ತಿ ಹಿಡಿದರೆ ಅದು ಕೇಳುತ್ತದೆ. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ, ನಿಧಾನವಾಗಿ ತೆಗೆಯಬಹುದು.

ಈ ಆಯ್ಕೆಯ ಕೊರತೆ ಒಂದೇ. ಇಂದು ಸರಿಮಾಡಿದ ಫೋನ್ ನಾಳೆ ಮತ್ತೆ ಸುಳ್ಳು ಸೈಟಿಗೆ ಹೋದರೆ ಇದು ತಡೆಯುವುದಿಲ್ಲ. ಅದಕ್ಕೇ ಮುಂದಿನ ಎರಡು.

ಆಯ್ಕೆ ಎರಡು: ಬ್ರೌಸರ್ ಬದಲಿಸಿ, ಬ್ಲಾಕರ್ ಹಾಕುವುದು

ದಿನವಿಡೀ ಇಂಟರ್ನೆಟ್ ಬಳಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸುಳ್ಳು ‘ಡೌನ್‌ಲೋಡ್’ ಬಟನ್, ಎಲ್ಲಿ ಒತ್ತಿದರೂ ತೆರೆಯುವ ಹೊಸ ಟ್ಯಾಬ್ ಇವು ಬರುವುದೇ ಜಾಹೀರಾತಿನ ಜಾಲದಿಂದ. ಜಾಹೀರಾತೇ ಬರದಿದ್ದರೆ ಮೋಸದ ಬಾಗಿಲೂ ಮುಚ್ಚಿತು.

ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಪುಕ್ಕಟೆ, ಹಗುರ, ಹಳೆಯ ಕಂಪ್ಯೂಟರಿಗೂ ಭಾರವಲ್ಲ. ಫೈರ್‌ಫಾಕ್ಸ್‌ನಲ್ಲಿ ಇದು ಪೂರ್ತಿ ಶಕ್ತಿಯಿಂದ ಓಡುತ್ತದೆ, ಆ್ಯಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಸಹ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ್ದರಿಂದ 2025ರಲ್ಲಿ ಅಲ್ಲಿ ಅದು ನಿಂತುಹೋಯಿತು. ಈಗ ಕಂಪ್ಯೂಟರಿನ ಕ್ರೋಮ್‌ಗೆ ಇರುವುದು ಯುಬ್ಲಾಕ್ ಒರಿಜಿನ್ ಲೈಟ್. ಸಾಧಾರಣ ಬಳಕೆಗೆ ಅದೂ ಸಾಕು, ಆದರೆ ಹಟಮಾರಿ ಸೈಟ್‌ಗಳಲ್ಲಿ ಸೋಲುತ್ತದೆ. ಏನನ್ನೂ ಸೇರಿಸುವ ತಲೆನೋವು ಬೇಡ ಅನ್ನುವವರಿಗೆ ಬ್ರೇವ್ ಎಂಬ ಬ್ರೌಸರ್ ಇದೆ. ಜಾಹೀರಾತು ತಡೆಯುವುದು ಅದರೊಳಗೇ ಇದೆ, ನೋಡಲು ಕ್ರೋಮ್ ತರಹವೇ.

ಒಂದು ಎಚ್ಚರ. ಎಕ್ಸ್‌ಟೆನ್ಶನ್ ನೀವು ತೆರೆಯುವ ಪ್ರತಿ ಪುಟವನ್ನೂ ಓದಬಲ್ಲದು. ‘ಆ್ಯಡ್ ಬ್ಲಾಕರ್’ ಎಂದು ಹುಡುಕಿ ಸಿಕ್ಕಿದ್ದನ್ನು ಹಾಕಬೇಡಿ. ಹೆಸರು ಪೂರ್ತಿ ಓದಿ. ಬರೀ ‘ಯುಬ್ಲಾಕ್’ ಬೇರೆ, ‘ಯುಬ್ಲಾಕ್ ಒರಿಜಿನ್’ ಬೇರೆ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕನ್ನಡದ ಸಣ್ಣ ಸುದ್ದಿ ಸೈಟ್‌ಗಳು ಜಾಹೀರಾತಿನಿಂದಲೇ ಉಸಿರಾಡುತ್ತಿವೆ. ನೀವು ನಂಬಿ ಓದುವ ಸೈಟ್ ಇದ್ದರೆ ಅದೊಂದಕ್ಕೆ ಬ್ಲಾಕರ್ ಆಫ್ ಮಾಡಿ. ಒಂದು ಒತ್ತು ಸಾಕು.

ಆ್ಯಪ್ ಒಳಗಿಂದ ಬರುವ ಜಾಹೀರಾತನ್ನು ಇದು ಮುಟ್ಟುವುದೇ ಇಲ್ಲ. ಅದು ಬ್ರೌಸರಿನ ಹೊರಗಿನ ಮಾತು.

ಆಯ್ಕೆ ಮೂರು: ಪ್ರೈವೇಟ್ ಡಿಎನ್‌ಎಸ್

ಇದರ ಹೆಸರು ಕೇಳಿದವರು ಕಡಿಮೆ. ಆದರೆ ಹಳ್ಳಿಯಲ್ಲಿರುವ ಅಪ್ಪ, ಅವ್ವ, ಕಾಕಾ ಇವರ ಫೋನಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆ್ಯಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನ್‌ಗಳ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಅಂತ ಇರುತ್ತದೆ. ಅಲ್ಲಿ ಜಾಹೀರಾತು ತಡೆಯುವ ಸರ್ವರ್‌ನ ಹೆಸರು ಬರೆದರೆ ಮುಗಿಯಿತು. ಆಡ್‌ಗಾರ್ಡ್ ಕಂಪನಿ ಇದನ್ನು ಪುಕ್ಕಟೆ ಕೊಡುತ್ತದೆ. ವಿಳಾಸ: ಡಿಎನ್‌ಎಸ್, ಚುಕ್ಕಿ, ಆಡ್‌ಗಾರ್ಡ್, ಅಡ್ಡಗೆರೆ, ಡಿಎನ್‌ಎಸ್, ಚುಕ್ಕಿ, ಕಾಮ್ (dns.adguard-dns.com). ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ.

ಸೈಟಿನ ಹೆಸರು ಕೊಟ್ಟರೆ ಅದರ ನಂಬರ್ ಹುಡುಕಿಕೊಡುವ ಡೈರೆಕ್ಟರಿ ಅಂತ ಡಿಎನ್‌ಎಸ್ ಅನ್ನು ತಿಳಿಯಿರಿ. ಜಾಹೀರಾತು ಮತ್ತು ಮೋಸದ ಸೈಟ್‌ಗಳ ಹೆಸರು ಕೇಳಿದರೆ ಈ ಡೈರೆಕ್ಟರಿ ನಂಬರ್ ಕೊಡುವುದಿಲ್ಲ. ಹಾಗಾಗಿ ಬ್ರೌಸರಿನಲ್ಲಷ್ಟೇ ಅಲ್ಲ, ಆ್ಯಪ್‌ಗಳ ಒಳಗಿನ ಜಾಹೀರಾತೂ ಬಹಳ ಮಟ್ಟಿಗೆ ನಿಲ್ಲುತ್ತದೆ. ಒಮ್ಮೆ ಹಾಕಿದರೆ ಅಪ್ಪ ಏನೂ ಕಲಿಯಬೇಕಿಲ್ಲ, ಏನೂ ಅಪ್‌ಡೇಟ್ ಮಾಡಬೇಕಿಲ್ಲ. ಬ್ಯಾಟರಿಗೂ ಭಾರವಿಲ್ಲ.

ಮಿತಿಗಳೂ ಇವೆ. ಯೂಟ್ಯೂಬ್ ಜಾಹೀರಾತು ಇದರಿಂದ ಹೋಗುವುದಿಲ್ಲ. ಲಾಗಿನ್ ಕೇಳುವ ರೈಲ್ವೆ ಸ್ಟೇಷನ್ ವೈಫೈಯಂಥ ಕಡೆ ಇಂಟರ್ನೆಟ್ ಸಿಗದೆ ಇರಬಹುದು. ಆಗ ತಾತ್ಕಾಲಿಕವಾಗಿ ‘ಆಟೋಮ್ಯಾಟಿಕ್’ ಮಾಡಬೇಕು. ನೀವು ಯಾವ ಸೈಟಿನ ಹೆಸರು ಕೇಳಿದಿರಿ ಅನ್ನುವುದು ಆ ಕಂಪನಿಗೆ ಗೊತ್ತಾಗುತ್ತದೆ. ಒಳಗಿರುವ ಕೆಟ್ಟ ಆ್ಯಪನ್ನೂ ಇದು ತೆಗೆಯುವುದಿಲ್ಲ, ಬರೀ ಅದರ ಬಾಯಿ ಕಟ್ಟುತ್ತದೆ. ಅದಕ್ಕೇ ಮೊದಲನೇ ಆಯ್ಕೆ ಮುಗಿಸಿದ ಮೇಲೆ ಇದನ್ನು ಹಾಕಿ.

ಆಯ್ಕೆ ನಾಲ್ಕು: ಸ್ಕ್ಯಾನರ್, ಆ್ಯಂಟಿವೈರಸ್

ಫೋನಿಗೂ ಕಂಪ್ಯೂಟರಿಗೂ ಇಲ್ಲಿ ಉತ್ತರ ಬೇರೆ ಬೇರೆ.

ಫೋನಿನಲ್ಲಿ ಗೂಗಲ್‌ನದೇ ಸ್ಕ್ಯಾನರ್ ಆದ ಪ್ಲೇ ಪ್ರೊಟೆಕ್ಟ್ ಈಗಾಗಲೇ ಇದೆ. ಪ್ಲೇ ಸ್ಟೋರ್ ತೆರೆದು ನಿಮ್ಮ ಚಿತ್ರ ಒತ್ತಿದರೆ ಸಿಗುತ್ತದೆ, ಅಲ್ಲಿಂದ ಸ್ಕ್ಯಾನ್ ಮಾಡಿ. ಅನುಮಾನ ಹೋಗದಿದ್ದರೆ ಮಾಲ್‌ವೇರ್‌ಬೈಟ್ಸ್‌ನಂಥ ಹೆಸರಾದ ಕಂಪನಿಯ ಆ್ಯಪ್ ಹಾಕಿ, ಒಮ್ಮೆ ನೋಡಿ, ತೆಗೆದುಬಿಡಿ. ‘ಕ್ಲೀನರ್’, ‘ಬೂಸ್ಟರ್’ ಎಂಬ ಹೆಸರಿನವು ಬೇಡವೇ ಬೇಡ. ಕಾಟ ಕೊಡುವ ಗುಂಪಿನಲ್ಲಿ ಅವೇ ಮುಂದಿರುತ್ತವೆ.

ವಿಂಡೋಸ್ 10, 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆ್ಯಂಟಿವೈರಸ್ ಪುಕ್ಕಟೆ ಬಂದೇ ಇರುತ್ತದೆ, ಮನೆ ಬಳಕೆಗೆ ಅದು ಸಾಕು. ಒಂದು ಸ್ವಿಚ್ ಮಾತ್ರ ನೋಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್, ಅದರೊಳಗೆ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್. ಅಲ್ಲಿ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಇರಲಿ. ಆ್ಯಡ್‌ವೇರ್, ಅಂದರೆ ಕಾಟದ ಜಾಹೀರಾತು ತೋರಿಸುವ ಪ್ರೋಗ್ರಾಂ ತಡೆಯುವ ಸ್ವಿಚ್ ಅದೇ. ಸರ್ಚ್ ಎಂಜಿನ್ ತಾನಾಗೇ ಬದಲಾಗಿದ್ದರೆ, ಹೋಮ್ ಪೇಜ್ ಎಷ್ಟು ಸಲ ಸರಿಮಾಡಿದರೂ ಮತ್ತೆ ಹಾಳಾದರೆ ಆ್ಯಡ್‌ಡಬ್ಲ್ಯೂಕ್ಲೀನರ್ ಎಂಬ ಟೂಲ್ ಓಡಿಸಿ. ಅದೂ ಮಾಲ್‌ವೇರ್‌ಬೈಟ್ಸ್‌ನವರದ್ದೇ, ಪುಕ್ಕಟೆ, ಇನ್‌ಸ್ಟಾಲ್ ಕೂಡ ಬೇಡ. ಅವರ ಸೈಟಿನಿಂದಲೇ ಇಳಿಸಿಕೊಳ್ಳಿ.

ನಮ್ಮ ಸರ್ಕಾರದ್ದೂ ಒಂದಿದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಲ್ಲಿ ಶುರುವಾಯಿತು. ಅದರ ಸೈಟಿನಲ್ಲಿ ಭಾರತದ ಆ್ಯಂಟಿವೈರಸ್ ಕಂಪನಿಗಳು ಕೊಟ್ಟ ಸ್ವಚ್ಛಗೊಳಿಸುವ ಟೂಲ್‌ಗಳು ಪುಕ್ಕಟೆ ಸಿಗುತ್ತವೆ. ಇದರ ಬಗ್ಗೆ ನಮ್ಮ ಕಡೆ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

ಹಾಗಾದರೆ ದುಡ್ಡು ಕೊಟ್ಟು ಯಾರು ಕೊಳ್ಳಬೇಕು? ಒಂದೇ ಕಂಪ್ಯೂಟರನ್ನು ಹತ್ತಾರು ಜನ ಮುಟ್ಟುವ ಕಡೆ, ಗ್ರಾಹಕರ ಪೆನ್‌ಡ್ರೈವ್ ಹಾಕುವ ಕಡೆ, ಲೆಕ್ಕಪತ್ರ ಇಟ್ಟಿರುವ ಕಡೆ. ಅಲ್ಲಿ ವರ್ಷದ ಚಂದಾ ಲಾಭವೇ. ಉಳಿದವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೊಂಡರೂ ಆಟೋ ರಿನ್ಯೂವಲ್ ಆಫ್ ಮಾಡಿ. ಪಾಪ್‌ಅಪ್ ತೋರಿಸಿದ ಆ್ಯಂಟಿವೈರಸ್ ಮಾತ್ರ ಎಂದೂ ಕೊಳ್ಳಬೇಡಿ. ಪರದೆ ತುಂಬಾ ಕೆಂಪು ಬಣ್ಣ ಬಂದು ‘ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಎಂದು ನಂಬರ್ ತೋರಿಸಿದರೆ ಅದು ಸುಳ್ಳು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4.

ಇತ್ತೀಚಿನ ಇನ್ನೊಂದು ಮೋಸ ಇದಕ್ಕಿಂತ ಕೆಟ್ಟದ್ದು. ‘ರೋಬೋಟ್ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್’ ಅನ್ನುತ್ತದೆ. ಹಾಗೆ ಮಾಡಿದರೆ ಕಳ್ಳ ಪ್ರೋಗ್ರಾಂ ಓಡಿಸುವ ಆಜ್ಞೆಯನ್ನು ನಿಮ್ಮ ಕೈಯಿಂದಲೇ ಕೊಟ್ಟಂತೆ. ಯಾವ ನಿಜವಾದ ಸೈಟೂ ಹೀಗೆ ಕೇಳುವುದಿಲ್ಲ.

ಆಯ್ಕೆ ಐದು: ಫಾರ್ಮ್ಯಾಟ್

ಫಾರ್ಮ್ಯಾಟ್ ಅಂದರೆ ಎಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡುವ ಫ್ಯಾಕ್ಟರಿ ರೀಸೆಟ್. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದೋ ಮೊಬೈಲ್ ಅಂಗಡಿಗೆ ಹೋದರೆ ಮೊದಲು ಸಿಗುವ ಸಲಹೆ ಇದೇ ಆಗಿರಬಹುದು. ಅಂಗಡಿಯವರಿಗೆ ಅದು ಸುಲಭ, ಖಚಿತ. ನಿಮಗೆ ಅಷ್ಟು ಸುಲಭವಲ್ಲ.

ಎಪಿಕೆ ಹಾಕಿಕೊಂಡವರಿಗೆ, ಕೆಟ್ಟ ಆ್ಯಪ್ ತೆಗೆದರೂ ಮತ್ತೆ ಬರುವವರಿಗೆ ಇದೇ ಸರಿಯಾದ ದಾರಿ. ಆದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಫೋನಿನಲ್ಲಿರುವ ಜಿಮೇಲ್ ಯಾರದ್ದು, ಪಾಸ್‌ವರ್ಡ್ ಗೊತ್ತಾ? ಹಳ್ಳಿಯಲ್ಲಿ ಎಷ್ಟೋ ಫೋನ್‌ಗಳ ಜಿಮೇಲ್ ಕೊಂಡ ದಿನ ಅಂಗಡಿಯವರೇ ಮಾಡಿಕೊಟ್ಟದ್ದು. ಸೆಟ್ಟಿಂಗ್ಸ್‌ನಿಂದ ಅಲ್ಲದೆ ಬಟನ್ ಒತ್ತಿ ಹಿಡಿದು ರೀಸೆಟ್ ಮಾಡಿದರೆ ಫೋನ್ ಆ ಹಳೆಯ ಖಾತೆಯನ್ನೇ ಕೇಳುತ್ತದೆ. ಕಳ್ಳರಿಂದ ಕಾಪಾಡಲು ಆ್ಯಂಡ್ರಾಯ್ಡ್‌ನಲ್ಲಿರುವ ಬೀಗ ಅದು. ಪಾಸ್‌ವರ್ಡ್ ಇಲ್ಲದಿದ್ದರೆ ಫೋನ್ ಇದ್ದೂ ಇಲ್ಲದಂತೆ. ಅದಕ್ಕೇ ಮೊದಲು ಪಾಸ್‌ವರ್ಡ್ ಸರಿಮಾಡಿಕೊಳ್ಳಿ. ವಾಟ್ಸ್‌ಆ್ಯಪ್ ಬ್ಯಾಕಪ್, ಫೋಟೋ, ನಂಬರ್‌ಗಳನ್ನು ಉಳಿಸಿಕೊಳ್ಳಿ. ರೀಸೆಟ್ ಆದ ಮೇಲೆ ಹಳೆಯ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ವಾಪಸ್ ತರಿಸಬೇಡಿ, ಬೇಕಾದ್ದನ್ನು ಮಾತ್ರ ಪ್ಲೇ ಸ್ಟೋರಿನಿಂದ ಹಾಕಿ.

ಇದರಿಂದಲೂ ಹೋಗದ ಕಾಟ ಅಪರೂಪಕ್ಕೆ ಇರುತ್ತದೆ. 2019ರಲ್ಲಿ ಕಂಡುಬಂದ ಎಕ್ಸ್‌ಹೆಲ್ಪರ್ ಎಂಬ ಕಳ್ಳ ಆ್ಯಪ್ ಫ್ಯಾಕ್ಟರಿ ರೀಸೆಟ್ ಆದ ಮೇಲೂ ವಾಪಸ್ ಬರುತ್ತಿತ್ತು. ಅಂಥದ್ದಾದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು.

ಅಂಗಡಿಗೆ ಕೊಡುವುದಾದರೆ ಸಿಮ್ ತೆಗೆದುಕೊಂಡು, ಯುಪಿಐ ಆ್ಯಪ್ ತೆಗೆದು ಕೊಡಿ. ಸಾಧ್ಯವಾದರೆ ಎದುರಿಗೇ ಕೂತು ಮಾಡಿಸಿ. ಕಂಪ್ಯೂಟರ್ ಆದರೆ “ವಿಂಡೋಸ್ ಕ್ರ್ಯಾಕ್ ಹಾಕ್ತೀರೇನ್ರಿ?” ಎಂದು ಕೇಳಿ. ಕ್ರ್ಯಾಕ್ ಅಂದರೆ ಲೈಸೆನ್ಸ್ ಕೊಳ್ಳದೆ ಕದ್ದು ಓಡಿಸುವುದು. ಕ್ರ್ಯಾಕ್ ಮಾಡುವ ಟೂಲ್‌ಗಳ ಜೊತೆಗೇ ಕಳ್ಳ ಪ್ರೋಗ್ರಾಂ ಬರುವುದು ಸಾಮಾನ್ಯ. ಹಾಗಾದರೆ ದುಡ್ಡು ಕೊಟ್ಟು ಮತ್ತೆ ಅದೇ ಕಾಟ ತಂದುಕೊಂಡಂತೆ.

ಯಾರಿಗೆ ಯಾವುದು

ಅಗ್ಗದ ಫೋನಿರುವ ವಿದ್ಯಾರ್ಥಿಗೆ ಮೊದಲ ಎರಡು ಸಾಕು, ಖರ್ಚು ಸೊನ್ನೆ. ಜೊತೆಗೆ ವಿಳಾಸ ನೋಡುವ ರೂಢಿ ಇರಲಿ. 371(ಜೆ) ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು), ಪಹಣಿ, ಪರೀಕ್ಷೆ ಫಲಿತಾಂಶ ಇವೆಲ್ಲ ಸಿಗುವುದು ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದಿರುವ ಸೈಟ್‌ಗಳಲ್ಲಿ. ಆ ಕೊನೆ ಖಾಸಗಿಯವರಿಗೆ ಸಿಗುವುದಿಲ್ಲ. ಬ್ಯಾಂಕ್‌ಗಳೂ ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ 2025ರಲ್ಲಿ ‘ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಗೆ ಬದಲಾಗಿವೆ. ವಿಳಾಸದ ನಡುವೆ ಎಲ್ಲೋ ‘ಕರ್ನಾಟಕ’ ಎಂದಿದ್ದರೆ ನಂಬಬೇಡಿ, ಕೊನೆ ನೋಡಿ.

ಊರಲ್ಲಿರುವ ಹಿರಿಯರಿಗೆ ಒಂದು ಮತ್ತು ಮೂರು, ನೀವೇ ಕೂತು ಮಾಡಿಕೊಡಿ. ಹಬ್ಬಕ್ಕೋ ಜಾತ್ರೆಗೋ ಹೋದಾಗ ಅರ್ಧ ಗಂಟೆ ಇಟ್ಟುಕೊಳ್ಳಿ. ಕ್ರೋಮ್‌ಗೆ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ, ವಾಟ್ಸ್‌ಆ್ಯಪ್‌ಗೆ ಅದೇ ಅನುಮತಿ, ಎರಡನ್ನೂ ‘ಅನ್‌ನೋನ್ ಆ್ಯಪ್ಸ್’ ಎಂಬಲ್ಲಿ ಆಫ್ ಮಾಡಿ ಬನ್ನಿ. ಎಪಿಕೆ ಬಾಗಿಲು ಬಹುಪಾಲು ಅಲ್ಲೇ ಮುಚ್ಚುತ್ತದೆ.

ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ನಡೆಸುವವರಿಗೆ ಎರಡು ಮತ್ತು ನಾಲ್ಕು, ಅದೂ ಚಂದಾ ಕಟ್ಟಿದ ಆ್ಯಂಟಿವೈರಸ್. ಜನ ತಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಮುಂದೆ ಇಡುತ್ತಾರೆ, ಅಲ್ವಾ? ಇನ್ನೂ ವಿಂಡೋಸ್ 7 ಇದ್ದರೆ ಮೊದಲ ಖರ್ಚು ಅದರ ಮೇಲೆ ಆಗಲಿ. ಮೈಕ್ರೋಸಾಫ್ಟ್ ಅದಕ್ಕೆ ಸಾಮಾನ್ಯ ಬೆಂಬಲವನ್ನು 2020ರ ಜನವರಿಯಲ್ಲೇ ನಿಲ್ಲಿಸಿದೆ, ಕ್ರೋಮ್ 109ರ ನಂತರ ಹೊಸದು ಬಂದಿಲ್ಲ. ವಿಂಡೋಸ್ 10ಕ್ಕೂ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಕಂಪ್ಯೂಟರಿಗೆ ದುಡ್ಡು ಇಲ್ಲದಿದ್ದರೆ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತದೆ, ಬ್ರೌಸರಿನಲ್ಲಿ ಅರ್ಜಿ ತುಂಬುವ ಕೆಲಸಕ್ಕೆ ಸಾಕು. ಆದರೆ ನಿಮ್ಮ ಪ್ರಿಂಟರ್, ಬೆರಳಚ್ಚು ಯಂತ್ರ ಅದರಲ್ಲಿ ಓಡುತ್ತವಾ ಎಂದು ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ಓಡದಿದ್ದರೆ ವಿಂಡೋಸ್ 11 ಹಿಡಿಸುವ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಹುಡುಕಿ. ಗ್ರಾಹಕರು ಮುಟ್ಟುವ ಕಂಪ್ಯೂಟರಿಗೆ ಬೇರೆ ಯೂಸರ್ ಖಾತೆ ಮಾಡಿ, ಅದಕ್ಕೆ ಅಡ್ಮಿನ್ ಹಕ್ಕು ಕೊಡಬೇಡಿ.